ಹರಾಜಣ್ಣನ ದನಿ, ಭಾವನ ಐದು ನಿಮಿಷ

ಸೋಮವಾರ ಬೆಳಗ್ಗೆ ಆಸ್ಪತ್ರೆಯ ಮೂರನೆಯ ಮಹಡಿಯ ತನ್ನ ಕೋಣೆಗೆ ಬಂದ ಮಾತಿನ ಮೇಡಂ, ಕೈಚೀಲವನ್ನು ಮೊಳೆಗೆ ತಗುಲಿಸಿ ಲ್ಯಾಪ್‌ಟಾಪ್ ತೆರೆದರೆ ಅದು ‘ಪಾಸ್‌ವರ್ಡ್ ತಪ್ಪು’ ಎಂದಿತು. ಬೆರಳು ಜಾರಿರಬೇಕೆಂದು ಇನ್ನೊಮ್ಮೆ ಒತ್ತಿದಳು. ತಪ್ಪು. ಕುರ್ಚಿ ಎಳೆದು ಕೂತು, ಒಂದೊಂದೇ ಅಕ್ಷರವನ್ನು ಹಲ್ಲು ಕಚ್ಚಿ ಒತ್ತಿದಳು. ಆಗಲೂ ತಪ್ಪು. ಎರಡು ವರ್ಷದಿಂದ ದಿನಾ ಒತ್ತಿದ ಪಾಸ್‌ವರ್ಡ್ ಅದು, ಅರೆನಿದ್ದೆಯಲ್ಲಿ ಎಬ್ಬಿಸಿದರೂ ಬೆರಳು ತಾನಾಗಿ ಒತ್ತುವಂಥದ್ದು. ಲ್ಯಾಪ್‌ಟಾಪ್ ಮಾತ್ರ ಗುರುತೇ ಇಲ್ಲದ ನೆಂಟನ ಹಾಗೆ ಮುಖ ತಿರುಗಿಸಿಕೊಂಡು ಕೂತಿತ್ತು.

ಲಕ್ವಾ ಹೊಡೆದು ನಾಲಿಗೆ ಹೊರಳದವರು, ತೊದಲುವವರು, ಗಂಟಲ ಆಪರೇಷನ್ ಆದವರು, ಇಂಥವರಿಗೆಲ್ಲ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಬಾಗಿಲ ಮೇಲಿನ ಫಲಕದಲ್ಲಿದ್ದ ಹುದ್ದೆಯ ಉದ್ದನೆಯ ಹೆಸರು ಯಾರ ಬಾಯಿಗೂ ಬಾರದೆ, ಕಸ ಗುಡಿಸುವವಳಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವಳು ಮಾತಿನ ಮೇಡಂ ಆಗಿದ್ದಳು. ಬೇರೆ ದಿನವಾಗಿದ್ದರೆ ಲ್ಯಾಪ್‌ಟಾಪನ್ನು ಬದಿಗಿಟ್ಟು ಕನ್ನಡಿ ಮುಂದೆ ರೋಗಿಗಳನ್ನು ಕೂರಿಸಿಕೊಂಡು ಕೆಲಸ ಶುರುಮಾಡುತ್ತಿದ್ದಳು. ಈ ದಿನ ಹಾಗಾಗುವಂತಿರಲಿಲ್ಲ. ಮಧ್ಯಾಹ್ನ ಹರಾಜಣ್ಣ ಬರುವವನಿದ್ದ.

ಹರಾಜಣ್ಣ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಲಾರಿಗಳ ಗದ್ದಲದ ನಡುವೆಯೂ ಮಾರುಕಟ್ಟೆಯ ಆ ತುದಿಗೆ ಕೇಳುವ ಗಂಟಲು ಅವನದು. ಆ ಗಂಟಲಲ್ಲೇ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಮಾತಿನ ಮೇಡಂ ಅವನನ್ನು ಗೋಡೆಗೆಲ್ಲ ಸ್ಪಂಜು ಹೊಡೆದ ಒಳಕೋಣೆಯಲ್ಲಿ ಕೂರಿಸಿ, ಫ್ಯಾನ್ ಸದ್ದು ಬರಬಾರದೆಂದು ಅದನ್ನೂ ಆರಿಸಿ, ಇಬ್ಬರೂ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುತ್ತ ಅವನ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ‘ನೀರು ಕೊಡು’, ‘ನೋವಾಗ್ತಿದೆ’, ‘ಬಸ್ ಎಷ್ಟೊತ್ತಿಗೆ’, ಹೀಗೆ ನೂರಾರು ವಾಕ್ಯ. ಅಂಗೈಯಗಲದ ಒಂದು ಯಂತ್ರ ಬರುತ್ತದೆ, ಅದರಲ್ಲಿ ಇವನ್ನೆಲ್ಲ ತುಂಬಿದರೆ ಗುಂಡಿ ಒತ್ತಿದಾಗ ಅವನದೇ ದನಿ ಮಾತಾಡುತ್ತದೆ. ಆಪರೇಷನ್ ಆಗಿ ಗಾಯ ಮಾಗಿತ್ತು. ಯಂತ್ರವೂ ಬಂದು ಮೇಜಿನ ಮೇಲೆ ಡಬ್ಬಿಯಲ್ಲಿ ಕೂತಿತ್ತು. ದನಿ ಮಾತ್ರ ಈ ಲ್ಯಾಪ್‌ಟಾಪಿನೊಳಗಿತ್ತು, ಅವನ ಗಂಟಲಲ್ಲಿ ಇನ್ನಿರಲಿಲ್ಲ.

ಅವಳು ಭಾವನಿಗೆ ಫೋನ್ ಮಾಡಿದಳು. ಮಾಡುವಾಗಲೇ ಮನಸ್ಸು ಬೇಡ ಬೇಡ ಎನ್ನುತ್ತಿತ್ತು.

ಭಾವ ಅಂದರೆ ಅಕ್ಕನ ಗಂಡ, ನೀರು ಸರಬರಾಜಿನ ಎಂಜಿನಿಯರು. ನೆಂಟರಿಷ್ಟರಲ್ಲಿ ಯಾರ ಮನೆಯ ಮಿಕ್ಸಿ, ಮೊಬೈಲು, ಟೀವಿ ಕೆಟ್ಟರೂ ಕರೆಯದೆ ಬರುವ ಪರೋಪಕಾರಿ. ರೋಗಿಗಳ ರೆಕಾರ್ಡಿಂಗು ಬೇರೆಯವರ ಕೈಗೆ ಸಿಗದ ಹಾಗೆ ಬೀಗದಲ್ಲಿರಬೇಕೆಂದು ಆಸ್ಪತ್ರೆ ಸುತ್ತೋಲೆ ಹೊರಡಿಸಿದಾಗ, ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿ ಅವಳ ಫೋಲ್ಡರನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಮಾಡಿಕೊಟ್ಟವರೇ ಅವರು. ನಿನ್ನೆ ಭಾನುವಾರ ಊಟಕ್ಕೆ ಬಂದವರು, ‘ಅಪ್‌ಡೇಟ್ ಮಾಡಿ ಎಷ್ಟು ದಿನ ಆಯ್ತಮ್ಮ’ ಎಂದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಪಾಸ್‌ವರ್ಡ್ ತಾನೇ? ಐದೇ ನಿಮಿಷದ ಕೆಲಸ. ಬಂದೆ,” ಎಂದರು ಭಾವ. ರಜೆ ಹಾಕಿಯೇ ಬಂದುಬಿಟ್ಟರು. ಕೈಯಲ್ಲಿ ತಂತಿಗಳ ಚೀಲ, ಮುಖದಲ್ಲಿ ಮದುವೆಮನೆಗೆ ಹೊರಟವರ ಕಳೆ.

“ಈಗ ಹೇಳು. ಪಾಸ್‌ವರ್ಡ್ ಏನು?”

“ಯಾರಿಗೂ ಹೇಳಬೇಡ.”

“ಛೆ, ನಾನ್ಯಾಕೆ ಹೇಳ್ಲಿ? ಇಷ್ಟು ವರ್ಷ ಆದ್ಮೇಲೂ ನನ್ ಮೇಲೆ ನಂಬಿಕೆ ಇಲ್ವೇನಮ್ಮ?”

“ಅಯ್ಯೋ ಭಾವ, ಪಾಸ್‌ವರ್ಡೇ ಅದು. ‘ಯಾರಿಗೂ ಹೇಳಬೇಡ’ ಅಂತ. ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲಾ ಸೇರಿಸಿ.”

ಭಾವ ಮೆಚ್ಚಿಕೊಂಡು ನಕ್ಕರು. ಒತ್ತಿ ನೋಡಿದರು. ಅವರಿಗೂ ಲ್ಯಾಪ್‌ಟಾಪ್ ಸೊಪ್ಪು ಹಾಕಲಿಲ್ಲ.

“ಹೋಗ್ಲಿ ಬಿಡು. ಹಳೇದು ಯಾಕೆ ಬೇಕು? ಹೊಸದು ಇಡೋಣ,” ಎಂದು ಲ್ಯಾಪ್‌ಟಾಪ್ ಆರಿಸಿ, ಬೇರೆ ಏನೋ ದಾರಿಯಲ್ಲಿ ಹೊತ್ತಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸುರಿದವು. ಅವಳು ಒಂದು ಹೊಸ ಪಾಸ್‌ವರ್ಡ್ ಹೇಳಿದಳು, ಅವರು ಒತ್ತಿದರು. ಮತ್ತೆ ಹೊತ್ತಿಸಿ ಹೊಸದನ್ನು ಕೊಟ್ಟಾಗ ಬಾಗಿಲು ತೆರೆಯಿತು. “ನೋಡಿದ್ಯಾ? ಐದು ನಿಮಿಷ ಅಂದಿದ್ದೆ. ನಾಲ್ಕೂ ಆಗ್ಲಿಲ್ಲ,” ಎಂದು ಕುರ್ಚಿಗೆ ಒರಗಿದರು.

ತೆರೆದದ್ದು ಖಾಲಿ ಮನೆ. ಪರದೆಯ ಮೇಲೆ ಅವಳ ಮಗಳ ಚಿತ್ರವಿಲ್ಲ, ರೋಗಿಗಳ ಫೋಲ್ಡರುಗಳಿಲ್ಲ, ಹರಾಜಣ್ಣನಿಲ್ಲ. ಅಂಗಡಿಯಿಂದ ಆಗಷ್ಟೇ ತಂದ ಲ್ಯಾಪ್‌ಟಾಪಿನ ನೀಲಿ ಪರದೆ, ಅದರ ಮೂಲೆಯಲ್ಲಿ ಒಂದೇ ಒಂದು ಚೀಟಿ: ನಿಮ್ಮ ಮಾಹಿತಿ ಬೀಗದಲ್ಲಿದೆ, ತೆರೆಯಲು ಇದನ್ನು ಒತ್ತಿ. ಒತ್ತಿದರೆ ಅದು ಪಾಸ್‌ವರ್ಡ್ ಕೇಳಿತು. ಹೊಸದನ್ನು ಕೊಟ್ಟರೆ ತಪ್ಪು ಎಂದಿತು. ಹಳೆಯದನ್ನು ಕೊಟ್ಟರೂ ತಪ್ಪು.

“ಎಲ್ಲಿ ಹೋಯ್ತು ಭಾವ ಎಲ್ಲಾ?”

“ಎಲ್ಲೂ ಹೋಗಿಲ್ಲ. ಒಳಗೇ ಇದೆ. ಮೌಂಟ್ ಆಗ್ತಿಲ್ಲ ಅಷ್ಟೇ.”

“ಅಷ್ಟೇ ಅಂದ್ರೆ?”

ಭಾವ ಮೇಜಿನ ಮೇಲಿದ್ದ ಪೆನ್ನು, ರಬ್ಬರು, ಗುಂಡುಪಿನ್ನಿನ ಡಬ್ಬಿ ಜೋಡಿಸಿ ವಿವರಿಸಿದರು. ಫೋಲ್ಡರಿನ ನಿಜವಾದ ಕೀಲಿ ಬೇರೆಯೇ ಇದೆ, ಉದ್ದನೆಯದು, ಯಾರಿಗೂ ನೆನಪಿರದಂಥದ್ದು. ಅದನ್ನು ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಅವಳ ಪಾಸ್‌ವರ್ಡಿನಿಂದ ಬೀಗ ಹಾಕಿರುತ್ತದೆ. ದಿನಾ ಲಾಗಿನ್ ಆಗುವಾಗ ಅದೇ ಪಾಸ್‌ವರ್ಡ್ ಒಳಗೆ ಹೋಗಿ ಪೆಟ್ಟಿಗೆ ತೆರೆದು, ಕೀಲಿ ತೆಗೆದು, ಫೋಲ್ಡರನ್ನು ತಂದು ಮುಂದಿಡುತ್ತದೆ. ಅದಕ್ಕೇ ಮೌಂಟ್ ಅನ್ನುವುದು.

“ಈಗ ನೀವು ಮಾಡಿದ್ದೇನು?”

“ನಾನು... ಬೀದಿಬಾಗಿಲಿನ ಬೀಗ ಬದಲಾಯಿಸಿದೆ.”

“ಪೆಟ್ಟಿಗೇದು?”

“ಅದು ಹಳೇದೇ ಕೇಳುತ್ತೆ.” ಭಾವ ಗುಂಡುಪಿನ್ನಿನ ಡಬ್ಬಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದರು. “ಹಳೇ ಪಾಸ್‌ವರ್ಡ್ ಇದ್ರೆ ಒಂದು ಕಮಾಂಡ್ ಸಾಕು.”

“ಹಳೇದೇ ತಾನೇ ಬೆಳಗ್ಗೆಯಿಂದ ಕೊಡ್ತಿರೋದು!”

“ಅದೇ ನಂಗೂ ಅರ್ಥ ಆಗ್ತಿಲ್ಲ.”

ಮಾತಿನ ಮೇಡಂಗೆ ಮೈ ಪರಚಿಕೊಳ್ಳುವಂತಾಯಿತು. ಆದರೆ ಬ್ಯಾಕಪ್ ಇತ್ತಲ್ಲ! ಬೀರುವಿನಿಂದ ಬ್ಯಾಕಪ್ ಡಿಸ್ಕನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ಭಾವ ಅದನ್ನು ಚುಚ್ಚಿ ನೋಡಿ, ತುಟಿಯೊಳಗೇ ಏನೋ ಅಂದರು.

“ಸ್ವಲ್ಪ ಜೋರಾಗಿ ಹೇಳಿ ಭಾವ. ಮಾತು ಬರದವರಿಗೆ ಕಲಿಸೋದು ನನ್ ಕೆಲಸ, ಬರೋರಿಗಲ್ಲ.”

“ಇದೂ ಬೀಗ ಹಾಕಿದ್ದೇನೇ. ಅಂದ್ರೆ, ಬೀಗ ಹಾಕಿದ ಪೆಟ್ಟಿಗೇನ ಹಾಗೇ ನಕಲು ಮಾಡೋ ಥರ ನಾನು ಸೆಟ್ ಮಾಡಿದ್ದೆ. ಸುರಕ್ಷಿತವಾಗಿರ್ಲಿ ಅಂತ.”

ಸುರಕ್ಷಿತ ಹೌದು, ಎಷ್ಟೆಂದರೆ ಒಡತಿಯಿಂದಲೂ ಸುರಕ್ಷಿತ. ಅವಳು ಎದ್ದು ಹೋಗಿ ಮುಖ ತೊಳೆದು ಬಂದಳು. ಬರುವಷ್ಟರಲ್ಲಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನೊಬ್ಬ, ಪ್ರಿಂಟರಿಗೆ ಶಾಯಿ ತುಂಬಲು ಬಂದವನು, ಭಾವನ ಭುಜದ ಮೇಲಿಂದ ಇಣುಕುತ್ತಿದ್ದ.

“ಫಾರ್ಮ್ಯಾಟ್ ಮಾಡಿಬಿಡಿ ಮೇಡಂ, ಎಲ್ಲಾ ಸರಿಹೋಗುತ್ತೆ.”

“ಎಲ್ಲಾ ಅಳಿಸಿಹೋಗುತ್ತಲ್ಲಪ್ಪ!”

“ಹೌದು. ಆದ್ರೆ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತೆ.”

ತಲೆನೋವಿಗೆ ತಲೆಯನ್ನೇ ತೆಗೆಸಿಕೊಳ್ಳಿ ಎಂಬ ಈ ವೈದ್ಯನನ್ನು ಅವಳು ಉಪಾಯವಾಗಿ ಕಾರಿಡಾರಿಗೆ ಸಾಗಿಸಿ ಬಾಗಿಲು ಹಾಕಿದಳು. ಭಾವ ಅಷ್ಟರಲ್ಲಿ ಫೋನಿನಲ್ಲಿ ಯಾವುದೋ ಚರ್ಚಾತಾಣ ತೆರೆದು ಓದತೊಡಗಿದ್ದರು. ಇಂಥದ್ದೇ ಗೋಳು ತೋಡಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದರು. ಒಬ್ಬ ಕೊನೆಗೆ ಬರೆದಿದ್ದ: ‘ಸರಿಹೋಯಿತು, ಧನ್ಯವಾದ’. ಹೇಗೆ ಸರಿಹೋಯಿತೆಂದು ಆ ಪುಣ್ಯಾತ್ಮ ಬರೆದಿರಲಿಲ್ಲ. ಇನ್ನೊಬ್ಬನಿಗೆ ಸಿಕ್ಕದ್ದು: ‘ಆ ಉದ್ದನೆಯ ಕೀಲಿಯನ್ನು ಮೊದಲ ದಿನವೇ ಬೇರೆ ಕಡೆ ಬರೆದಿಟ್ಟುಕೊಳ್ಳಬೇಕಿತ್ತು.’

“ಬರೆದಿಟ್ಟಿದ್ರಾ ಭಾವ?”

“ಇಟ್ಟಿದ್ದೆ. ಜೋಪಾನವಾಗಿ ಇಟ್ಟಿದ್ದೆ.” ಭಾವ ತಲೆ ಎತ್ತಲಿಲ್ಲ. “ನಿನ್ ಫೋಲ್ಡರೊಳಗೇ.”

ಇದಾದ ಮೇಲೆ ಉಳಿದದ್ದು ಊಹೆ ಮಾತ್ರ. ಭಾವ ದೊಡ್ಡಕ್ಷರದಲ್ಲಿ ಒತ್ತಿದರು, ಮೊದಲಕ್ಷರ ಮಾತ್ರ ದೊಡ್ಡದಾಗಿ ಒತ್ತಿದರು, ‘ಯಾ’ಗೆ ಒಂದು ಎ ಹಾಕಿದರು, ಎರಡು ಹಾಕಿದರು, ಅವಳ ಮಗಳ ಹೆಸರು ಒತ್ತಿದರು, ಕೊನೆಗೆ ತಮ್ಮದೇ ಹೆಸರನ್ನೂ ಒತ್ತಿದರು. ಯಾವುದನ್ನು ಒತ್ತಿದರೂ ಪರದೆಯ ಮೇಲೆ ಬರುತ್ತಿದ್ದದ್ದು ಸಾಲಾಗಿ ಕಪ್ಪು ಚುಕ್ಕಿಗಳು, ಆಮೇಲೆ ಅದೇ ಮಾತು.

ಹರಾಜಣ್ಣ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ಬಾಗಿಲು ಸರಿಸಿ ಮೊದಲು ಒಳಗೆ ಬಂದದ್ದು ಅವನ ಹೆಂಡತಿ, ಹಿಂದೆ ಅವನು. ಇಸ್ತ್ರಿ ಮಾಡಿದ ಅಂಗಿ, ಕತ್ತಿನ ಉಸಿರುರಂಧ್ರ ಮುಚ್ಚಿದ ತೆಳು ಬಟ್ಟೆ, ಎದೆಗೆ ದಾರದಲ್ಲಿ ನೇತುಬಿಟ್ಟ ಮಕ್ಕಳ ಸ್ಲೇಟು. ದನಿ ಹೋದ ಮೇಲೆ ಅವನ ಕೈಗಳೇ ಗದ್ದಲ ಮಾಡುತ್ತಿದ್ದವು. ಬಂದವನೇ ಎರಡು ಕೈಯನ್ನೂ ಅಗಲಿಸಿ ಮೇಜಿನ ಮೇಲಿನ ಡಬ್ಬಿ ತೋರಿಸಿದ.

“ಅದೇ ಯಂತ್ರಾನಾ ಅಂತ ಕೇಳ್ತಿದಾರೆ ಮೇಡಂ,” ಎಂದಳು ಹೆಂಡತಿ. “ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ, ಅಷ್ಟು ಸಂಭ್ರಮ.”

ಹರಾಜಣ್ಣ ಜೋರಾಗಿ ತಲೆಯಾಡಿಸಿ, ಸ್ಲೇಟಿನ ಮೇಲೆ ಗೀಚಿ ತೋರಿಸಿದ: ‘ನಿದ್ದೆ ಮಾಡದವಳು ಇವಳು.’

“ನೋಡಿ, ನೋವಿತ್ತು ಅಂತಿದಾರೆ,” ಎಂದಳು ಹೆಂಡತಿ, ಸ್ಲೇಟಿನ ಕಡೆ ನೋಡದೆಯೇ. ಅವನು ಸ್ಲೇಟನ್ನು ತನ್ನ ಹಣೆಗೆ ಮೆಲ್ಲಗೆ ಚಚ್ಚಿಕೊಂಡ.

ಸುಳ್ಳು ಹೇಳಬಹುದಿತ್ತು. ಯಂತ್ರ ಕೆಟ್ಟಿದೆ, ಮುಂದಿನ ವಾರ ಬನ್ನಿ ಎಂದರೆ ಅವರು ನಂಬಿ ಹೋಗುತ್ತಿದ್ದರು. ಬಾಯಿ ತೆರೆದಾಗ ಮಾತಿನ ಮೇಡಂಗೆ ಅದು ಹೊರಡಲಿಲ್ಲ. ಬೆಳಗ್ಗೆಯಿಂದ ಆದದ್ದನ್ನೆಲ್ಲ, ಬೀದಿಬಾಗಿಲು, ಪೆಟ್ಟಿಗೆ, ಕೀಲಿ ಸಮೇತ ಹೇಳಿದಳು. ದನಿ ಒಳಗೇ ಇದೆ, ಹಾಳಾಗಿಲ್ಲ, ಆದರೆ ತೆಗೆಯಲು ಬರುತ್ತಿಲ್ಲ, ಬರುತ್ತದೋ ಇಲ್ಲವೋ ತಿಳಿಯದು ಎಂದಳು. ಭಾವ ಕಿಟಕಿಯ ಕಡೆ ನೋಡುತ್ತಿದ್ದರು.

ಹರಾಜಣ್ಣ ಮೇಜಿನ ಮೇಲಿನ ಡಬ್ಬಿಯನ್ನು ಒಮ್ಮೆ ಮುಟ್ಟಿದ. ಆಮೇಲೆ ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿ, ದುಂಡಗೆ ಬರೆದು ಅವಳ ಮುಂದೆ ಹಿಡಿದ.

‘ಇನ್ನೊಂದ್ಸಲ ಕೂಗ್ಲಾ?’

ತಮಾಷೆಗೇ ಬರೆದಿದ್ದ. ಬರೆದು, ಭುಜ ಕುಣಿಸಿ, ಸದ್ದಿಲ್ಲದೆ ನಕ್ಕ. ಮಾತಿನ ಮೇಡಂಗೆ ನಗಲೂ ಆಗಲಿಲ್ಲ, ಅವನ ಮುಖ ನೋಡಲೂ ಆಗಲಿಲ್ಲ. ಹೆಂಡತಿ ಈ ಸಲ ಸ್ಲೇಟನ್ನು ಓದಿದಳು. ಓದಿ ಕುರ್ಚಿಯ ಮೇಲೆ ಕುಸಿದು ಕೂತಳು.

“ಮದುವೆಯಾದಾಗಿನಿಂದ ಬೈದಿದ್ದೀನಿ ಮೇಡಂ. ಮೆಲ್ಲಗೆ ಮಾತಾಡ್ರೀ, ಮಾರ್ಕೆಟ್ಟಲ್ಲ ಇದು ಮನೆ, ಅಂತ. ಒಂದಿನಾನೂ ನೆಟ್ಟಗೆ ಕೇಳಿಸ್ಕೊಳ್ಳಲಿಲ್ಲ ನಾನು.”

ಹರಾಜಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ. ಅದೇ ಹೊತ್ತಿಗೆ ಬಾಗಿಲು ದಢಾರನೆ ತೆರೆದು ಅಕ್ಕ ಬಂದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಮುಗಿಸಿ ನೆಟ್ಟಗೆ ಬಂದಿದ್ದಳು, ಅಂಗೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ.

“ಐದು ನಿಮಿಷ ಅಂತ ಹೋದೋರು ಫೋನೂ ಎತ್ತಲ್ಲ! ಪ್ಲಂಬರ್ ಮನೆ ಬಾಗಿಲಲ್ಲಿ ಕೂತು ನಂಗೆ ಫೋನ್ ಮಾಡ್ತಿದಾನೆ. ಊರಿಗೆಲ್ಲಾ ನೀರು ಕೊಡೋರ ಮನೇಲಿ ನಲ್ಲಿ ಸೋರ್ತಿದೆ.” ಆಮೇಲೆ ಅಪರಿಚಿತರನ್ನು ಕಂಡು ದನಿ ತಗ್ಗಿಸಿದಳು. “ಏನಾಯ್ತೇ?”

ತಂಗಿ ಹೇಳಿದಳು. ಅಕ್ಕ ಗಂಡನ ಕಡೆ ತಿರುಗಿದಳು.

“ನಿನ್ನೆ ಊಟಕ್ಕೆ ಹೋದ ಮನೇಲಿ ಏನ್ ಮುಟ್ಟಿದ್ರಿ?”

“ಏನೂ ಮುಟ್ಟಿಲ್ಲ ಮಾರಾಯ್ತಿ. ಅಪ್‌ಡೇಟ್ ಹಾಕ್ದೆ. ಮಧ್ಯದಲ್ಲಿ ಕೀಬೋರ್ಡ್ ಯಾವ ದೇಶದ್ದು ಅಂತ ಕೇಳ್ತು. ಸರಿಯಾದ್ದನ್ನೇ ಆರಿಸ್ದೆ.”

“ಸರಿಯಾದ್ದಾ? ಸದ್ಯ! ಮೊದಲ್ನೇ ಸಲ ಹಾಕ್ಕೊಟ್ಟಾಗ ಯಾವ್ದೋ ಬೇರೆ ದೇಶದ್ದು ಆರಿಸಿ ಕೆಡಿಸಿದ್ರಲ್ಲ, ಅದಕ್ಕಿಂತ ವಾಸಿ.” ಅಕ್ಕ ತಂಗಿಯ ಕಡೆ ನೋಡಿದಳು. “ನೆನಪಿಲ್ವೇನೇ? ಆ ದಿನ ನೀನು ನಂಗೆ ಇದೇ ಲ್ಯಾಪ್‌ಟಾಪಿಂದ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಮೇಲೆ ಮೆಸೇಜ್. ‘ಝಾಕೆ ಅಕ್ಕಾ ಫೋನ್ ಎತ್ತಲ್ಲ’, ‘ಝಾವಾಗ ಬರ್ತೀಯ’. ನಂಗೆ ನಕ್ಕು ನಕ್ಕು ಸಾಕಾಗಿತ್ತು. ವೈ ಒತ್ತಿದ್ರೆ ಝೆಡ್ ಬೀಳ್ತಿತ್ತು.”

“ಅದನ್ನ ಅವತ್ತೇ ಸಂಜೆ ಸರಿ ಮಾಡ್ಕೊಟ್ಟೆನಲ್ಲ,” ಎಂದರು ಭಾವ.

“ಭಾವ,” ಎಂದಳು ಮಾತಿನ ಮೇಡಂ. “ಪಾಸ್‌ವರ್ಡ್ ಇಟ್ಟಿದ್ದು ಯಾವಾಗ? ಸರಿ ಮಾಡೋಕೆ ಮುಂಚೆನೋ, ಆಮೇಲೋ?”

“ಮುಂಚೆ. ಹಾಕುವಾಗ್ಲೇ ಕೇಳುತ್ತಲ್ಲ.”

“ಹಾಗಾದ್ರೆ ನಾನು ‘ಯಾರಿಗೂ’ ಅಂತ ಒತ್ತಿದ್ದು ಒಳಗೆ ಏನಂತ ಹೋಯ್ತು?”

ಭಾವ ಕೀಬೋರ್ಡಿನ ಕಡೆ ಬಗ್ಗಿದರು. ಅವರು ಸರಿ ಮಾಡಿದ್ದು ಅವಳ ಖಾತೆಯೊಳಗಿನ ಕೀಬೋರ್ಡನ್ನು ಮಾತ್ರ. ಬೀದಿಬಾಗಿಲಿನ, ಅಂದರೆ ಮೊದಲು ಪಾಸ್‌ವರ್ಡ್ ಕೇಳುವ ಪರದೆಯ, ಕೀಬೋರ್ಡು ಆ ಬೇರೆ ದೇಶದ್ದಾಗಿಯೇ ಉಳಿದಿತ್ತು. ಎರಡು ವರ್ಷ ದಿನಾ ಬೆಳಗ್ಗೆ ಅವಳು ವೈ ಒತ್ತುವುದು, ಚುಕ್ಕಿಗಳ ಹಿಂದೆ ಝೆಡ್ ಬೀಳುವುದು, ಬಾಗಿಲು ತೆರೆಯುವುದು. ತಪ್ಪು ತಪ್ಪು ಸೇರಿ ಒಪ್ಪವಾಗಿ ಸಂಸಾರ ಮಾಡಿಕೊಂಡಿದ್ದವು. ಭಾನುವಾರ ಭಾವ ಹೋಗಿ ಒಂದನ್ನು ತಿದ್ದಿದ್ದರು.

“ಏಳಿ ಮೇಲೆ,” ಎಂದಳು ಮಾತಿನ ಮೇಡಂ. ಭಾವ ಎದ್ದರು. ಅವಳೇ ಕೂತು, ವೈ ಜಾಗದಲ್ಲಿ ಝೆಡ್ ಒತ್ತಿ, ಉಳಿದದ್ದನ್ನು ಹಾಗೇ ಒತ್ತಿದಳು. ‘ಝಾರಿಗೂ ಹೇಳಬೇಡ’. ಎಂಟರ್ ಒತ್ತಿದಳು. ಚುಕ್ಕಿಗಳು ಮಾಯವಾದವು. ‘ತಪ್ಪು’ ಎನ್ನುವ ಸಾಲು ಬರಲಿಲ್ಲ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಕಿಟಕಿ ತೆರೆದು ಅದರಲ್ಲಿ ಫೋಲ್ಡರುಗಳು ಒಂದರ ಕೆಳಗೊಂದು ಇಳಿಯತೊಡಗಿದವು.

ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ನಾದಿನಿಯ ಹೆಗಲ ಮೇಲಿಂದ ಬಗ್ಗಿ, “ನಾನು ಹೇಳಿದ್ದು ಸರಿಯಾಯ್ತು ನೋಡು. ಹಳೇ ಪಾಸ್‌ವರ್ಡ್ ಇದ್ರೆ ಒಂದೇ ಕಮಾಂಡ್,” ಎಂದರು. ಮಾತಿನ ಮೇಡಂ ತಿರುಗಿ ಅವರನ್ನು ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದರು. ಆದರೂ ಆ ಒಂದು ಕಮಾಂಡನ್ನು ಕೊಡಬೇಕಾದವರು ಅವರೇ. ಪೆಟ್ಟಿಗೆಯ ಬೀಗವನ್ನೂ ಹೊಸ ಪಾಸ್‌ವರ್ಡಿಗೆ ಬದಲಾಯಿಸಿ, ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿ, ಮಗಳ ಚಿತ್ರ ಪರದೆಯ ಮೇಲೆ ಬಂದದ್ದನ್ನು ತೋರಿಸಿದರು. “ಇನ್ನೊಂದೇ ಒಂದು ಸಣ್ಣ ಸೆಟ್ಟಿಂಗ್...” ಎಂದು ಕೈ ಚಾಚಿದಾಗ ಅಕ್ಕ ಆ ಕೈಯನ್ನೇ ಹಿಡಿದು ಬಾಗಿಲ ಕಡೆ ನಡೆಸಿದಳು. ಮನೆಯಲ್ಲಿ ನಲ್ಲಿ ಸೋರುತ್ತಿತ್ತು.

ಕೋಣೆಯಲ್ಲಿ ಮೂವರು ಉಳಿದರು. ಮಾತಿನ ಮೇಡಂ ಮೊದಲು ಹರಾಜಣ್ಣನ ಫೋಲ್ಡರನ್ನು ಯಂತ್ರಕ್ಕೆ ನಕಲು ಮಾಡಿದಳು. ಆಮೇಲೆ ಒಂದು ಪೆನ್‌ಡ್ರೈವಿಗೆ ಮಾಡಿ ಅವನ ಕೈಗೇ ಕೊಟ್ಟಳು, ಯಾವ ಬೀಗವೂ ಇಲ್ಲದೆ. ಅವನ ದನಿಯನ್ನು ಅವನಿಂದ ಬಚ್ಚಿಡಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಕೊನೆಗೆ ಸ್ಪೀಕರ್ ಹಚ್ಚಿ, ಕೈಗೆ ಸಿಕ್ಕ ಒಂದನ್ನು ಒತ್ತಿದಳು.

“ಏಯ್, ಚಹಾ ತಣ್ಣಗಾಗಿದೆ, ಇನ್ನೊಂದು ತಾ!”

ಮೇಜಿನ ಮೇಲಿನ ಗುಂಡುಪಿನ್ನುಗಳು ಅದುರಿದವು. ರೆಕಾರ್ಡಿಂಗ್ ದಿನ ಮೈಕನ್ನು ಎಷ್ಟು ದೂರ ಇಟ್ಟರೂ ಸಾಲದಾಗಿತ್ತು. ಹೆಂಡತಿ ಬೆಚ್ಚಿಬಿದ್ದು, ಹಳೆಯ ಅಭ್ಯಾಸಕ್ಕೆ ಅರ್ಧ ಎದ್ದೇಬಿಟ್ಟಳು. ಎದ್ದವಳು ಹಾಗೇ ನಿಂತು, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಹರಾಜಣ್ಣ ಹುಬ್ಬು ಗಂಟಿಕ್ಕಿದ್ದ. ಇನ್ನೊಮ್ಮೆ ಹಾಕು ಎಂದು ಬೆರಳಾಡಿಸಿದ. ಹಾಕಿದಳು. ಕಿವಿಯನ್ನು ಸ್ಪೀಕರಿನ ಹತ್ತಿರ ತಂದು ಕೇಳಿದ. ಆಮೇಲೆ ಸ್ಲೇಟಿನಲ್ಲಿ ಬರೆದ: ‘ಇದು ನನ್ನ ದನಿಯಲ್ಲ.’

ಮಾತಿನ ಮೇಡಂಗೆ ಇದು ಗೊತ್ತಿದ್ದ ಸಂಗತಿ. ನಮ್ಮ ದನಿಯನ್ನು ನಾವು ತಲೆಬುರುಡೆಯ ಒಳಗಿಂದ ಕೇಳುತ್ತೇವೆ, ಹಾಗಾಗಿ ಹೊರಗಿನದು ಬೇರೆಯವರದ್ದೆನಿಸುತ್ತದೆ ಎಂದು ವಿವರಿಸಲು ಹೊರಟಳು. ಬೆಳಗ್ಗೆಯಿಂದ ಪಟ್ಟ ಪಾಡೆಲ್ಲ ಒಟ್ಟಾಗಿ ತಲೆಗೇರಿ, ಅಯ್ಯೋ ಪುಣ್ಯಾತ್ಮ, ಇದಕ್ಕಾಗಿಯೇ ನಾನು ಸತ್ತೆನಲ್ಲ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಹೆಂಡತಿಯೇ ಮಾತಾಡಿದಳು.

“ನಿಮ್ದೇರೀ. ನಾವೆಲ್ಲಾ ಕೇಳಿದ್ದು ಇದನ್ನೇ.”

ಅವನು ಅವಳ ಮುಖ ನೋಡಿದ. ಮತ್ತೆ ಸ್ಪೀಕರ್ ನೋಡಿದ. ಇಷ್ಟು ಜೋರಾ ಎಂಬಂತೆ ಕೈಯನ್ನು ಆಕಾಶಕ್ಕೆತ್ತಿ ಕೇಳಿದ.

“ಇದಕ್ಕಿಂತ ಜೋರು,” ಎಂದಳು ಅವಳು.

ಯಂತ್ರದಲ್ಲಿ ಮೇಲುಗಡೆ ಇದ್ದ ಗುಂಡಿಗಳು ಕೆಲವೇ. ಯಾವ ವಾಕ್ಯ ಮೇಲೆ ಬರಬೇಕು, ಯಾವುದು ಒಳಪುಟಕ್ಕೆ ಹೋಗಬೇಕೆಂದು ಗಂಡಹೆಂಡತಿ ಜಗಳಕ್ಕೆ ಬಿದ್ದರು, ಅವಳು ಬಾಯಲ್ಲಿ, ಅವನು ಸ್ಲೇಟಿನಲ್ಲಿ. ‘ನೀರು ಕೊಡು’ ಮೊದಲು ಬರಲಿ ಎಂದು ಅವಳು. ಅದಕ್ಕೆ ಕೈಸನ್ನೆ ಸಾಕು ಎಂದು ಅವನು. ‘ನೋವಾಗ್ತಿದೆ’ ಮೇಲಿರಲೇಬೇಕು ಎಂದು ಅವಳು. ಅವನು ಎಲ್ಲವನ್ನೂ ಅಳಿಸಿ, ಮೊದಲ ಗುಂಡಿಗೆ ಬೇಕಾದದ್ದನ್ನು ಬರೆದು ಮೇಡಂ ಮುಂದೆ ಹಿಡಿದ: ‘ನೀನು ಸುಮ್ನಿರು, ನಾನೇ ಹೇಳ್ತೀನಿ.’

“ನೋಡಿ, ಚಹಾದ್ದೇ ಮೊದಲು ಇರ್ಲಿ ಅಂತಿದಾರೆ,” ಎಂದಳು ಹೆಂಡತಿ.

ಮಾತಿನ ಮೇಡಂ ಫೋಲ್ಡರಿನಲ್ಲಿ ಸ್ಲೇಟಿನ ಮೇಲಿದ್ದ ವಾಕ್ಯವನ್ನೇ ಹುಡುಕಲು ಬಗ್ಗಿದಳು. ಮಧ್ಯಾಹ್ನದ ಊಟದ ಡಬ್ಬಿ ಇನ್ನೂ ಚೀಲದಲ್ಲೇ ಇತ್ತು. ಹೊರಗೆ ಕಾರಿಡಾರಿನಲ್ಲಿ ಮುಂದಿನ ರೋಗಿ ಯಾರನ್ನೋ, ಇನ್ನೂ ಎಷ್ಟು ಹೊತ್ತು ಎಂದು ತೊದಲುತ್ತ ಕೇಳುತ್ತಿದ್ದ.